ಬೆಳಕು ಯಾರಿಗೆ, ಬೆಲೆ ಯಾರದು?

ಪ್ರಕೃತಿಯ ಸಂಪತ್ತನ್ನು ಎರಡು ಪಟ್ಟಿಗಳಾಗಿ ವಿಂಗಡಿಸುವುದನ್ನು ನಮ್ಮ ಮಕ್ಕಳು ಶಾಲೆಯಲ್ಲೇ ಕಲಿಯುತ್ತಾರೆ. ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ, ಯುರೇನಿಯಂ ಮುಂತಾದವು ಬಳಸಿದಂತೆಲ್ಲಾ ಮುಗಿದು ಹೋಗುವಂಥವು. ಬಿಸಿಲು, ಗಾಳಿ, ಹರಿಯುವ ನೀರು ಮುಗಿಯದೆ ಮತ್ತೆ ಮತ್ತೆ ಒದಗಿ ಬರುವಂಥವು. ಪರೀಕ್ಷೆಯಲ್ಲಿ ಈ ಎರಡು ಪಟ್ಟಿಗಳನ್ನು ತಪ್ಪಿಲ್ಲದೆ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಆದರೆ ಒಂದು ರಾಜ್ಯದ ಆಡಳಿತ ನಡೆಸಲು, ಮುಂದಿನ ತಲೆಮಾರಿನ ಬದುಕನ್ನು ರೂಪಿಸಲು ಈ ವಿಂಗಡಣೆಯೊಂದೇ ಸಾಕೇ? ಮುಗಿಯುವುದು, ಮುಗಿಯದಿರುವುದು ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಲ್ಲವೇ? ಬೆಳಕು ಯಾರ ಮನೆಗೆ ಬರುತ್ತದೆ, ಅದಕ್ಕಾಗಿ ಯಾರ ಮನೆ ಕತ್ತಲಾಗುತ್ತದೆ ಎಂಬ ಪ್ರಶ್ನೆಯನ್ನು?

ಈ ಪ್ರಶ್ನೆಯನ್ನು ಈಗಲೇ ಎತ್ತಬೇಕಾದ ಕಾರಣವಿದೆ. 2025ರ ಜೂನ್ ಹೊತ್ತಿಗೆ ನಮ್ಮ ದೇಶದ ಒಟ್ಟು ವಿದ್ಯುತ್ ಉತ್ಪಾದನಾ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಾಲು ಕಲ್ಲಿದ್ದಲು, ಅನಿಲ, ತೈಲಗಳ ಹೊರತಾದ ಮೂಲಗಳದ್ದಾಯಿತು. 2030ಕ್ಕೆ ಮುಟ್ಟಬೇಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದೆವು ಎಂದು ಕೇಂದ್ರ ಸರಕಾರ ಸಂಭ್ರಮಿಸಿತು. ಸಂಭ್ರಮಿಸಬೇಕಾದ ಸಂಗತಿಯೇ ಅದು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದನ್ನು ಮರೆಯಬಾರದು. ಸೌರಫಲಕವು ರಾತ್ರಿ ಕೆಲಸ ಮಾಡುವುದಿಲ್ಲ. ಗಾಳಿಯಂತ್ರವು ಗಾಳಿ ಬೀಸಿದಾಗಷ್ಟೇ ತಿರುಗುತ್ತದೆ. ಆದ್ದರಿಂದ ನಾವು ನಿಜವಾಗಿ ಬಳಸುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಂದಿಗೂ ಕಲ್ಲಿದ್ದಲಿನದ್ದೇ. 2024-25ರಲ್ಲಿ ಭಾರತದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ ನೂರು ಕೋಟಿ ಟನ್ ದಾಟಿತು. ಹಳೆಯದು ನಿಂತಿಲ್ಲ, ಹೊಸದು ಭರದಿಂದ ಬರುತ್ತಿದೆ. ಒಂದು ಕಾಲ ಇನ್ನೊಂದಕ್ಕೆ ದಾರಿ ಬಿಡುವ ಇಂತಹ ಹೊತ್ತಿನಲ್ಲಿ ಹಾಕಿಕೊಳ್ಳುವ ಕಟ್ಟಳೆಗಳು ಅರ್ಧ ಶತಮಾನ ಉಳಿಯುತ್ತವೆ. ಹಿಂದೆ ಏನಾಗಿತ್ತು ಎಂಬುದನ್ನು ನೋಡದೆ ಮುಂದಿನದನ್ನು ನಿರ್ಧರಿಸುವುದು ವಿವೇಕವಲ್ಲ.

ಚಿನ್ನ ಮುಗಿಯಿತು, ನದಿ ಉಳಿಯಿತು

ನಮ್ಮ ನಾಡಿನಲ್ಲಿ ವಿದ್ಯುತ್ತಿನ ಕತೆ ಆರಂಭವಾದುದೇ ಈ ಎರಡೂ ಪಟ್ಟಿಗಳು ಕೈಜೋಡಿಸಿದ ಜಾಗದಲ್ಲಿ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲದಲ್ಲಿ ಜಗತ್ತಿನಲ್ಲೇ ಅತಿ ಉದ್ದವೆನಿಸಿದ್ದ ತಂತಿ ಮಾರ್ಗಗಳಲ್ಲಿ ಅದೂ ಒಂದು. ಗಣಿ ನಡೆಸುತ್ತಿದ್ದುದು ಬ್ರಿಟಿಷ್ ಕಂಪೆನಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಲು 1905ರವರೆಗೆ ಕಾಯಬೇಕಾಯಿತು. ನದಿ ಕಾವೇರಿಯದ್ದು, ನೆಲ ಮೈಸೂರಿನದ್ದು, ಬೆವರು ಬಡ ಕಾರ್ಮಿಕರದ್ದು. ಚಿನ್ನ ಮಾತ್ರ ಲಂಡನ್ನಿನ ಪಾಲುದಾರರಿಗೆ ಲಾಭವಾಗಿ ಹೋಯಿತು.

ಮುಂದೆ ಸ್ವಾತಂತ್ರ್ಯ ಬಂತು. 1956ರಲ್ಲಿ ಗಣಿ ಸರಕಾರದ ಕೈಗೆ ಬಂತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಆ ಸುರಂಗಗಳಲ್ಲಿ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರತೊಡಗಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತಲೆಮಾರುಗಳಿಂದ ಪಾತಾಳಕ್ಕಿಳಿದು ದುಡಿದ ಕುಟುಂಬಗಳಿಗೆ ಉಳಿದದ್ದು ಶಿಥಿಲ ಮನೆಗಳು ಮತ್ತು ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು. ಇಂದು ಆ ಊರಿನ ಯುವಕರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಶಿವನಸಮುದ್ರದ ನೀರು ಮಾತ್ರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಮುಗಿಯುವ ಸಂಪತ್ತಿನ ಮೇಲೆ ಊರು ಕಟ್ಟಿದವರು, ಮುಗಿದ ಮೇಲೆ ಆ ಊರಿನ ಗತಿಯೇನೆಂದು ಯೋಚಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಕೇ?

ಬೇಕಿಲ್ಲ. ಆದರೂ ನಾವು ಕಲಿಯಲಿಲ್ಲ. ಕೋಲಾರ ಮುಚ್ಚಿದ ಕೆಲವೇ ವರ್ಷಗಳಲ್ಲಿ ಬಳ್ಳಾರಿಯ ಕಬ್ಬಿಣದ ಅದಿರಿಗೆ ಚೀನಾದ ಬೇಡಿಕೆ ಬಂತು. ಕೆಂಪು ಧೂಳೆಬ್ಬಿಸುತ್ತಾ ಲಾರಿಗಳು ಬಂದರುಗಳತ್ತ ಓಡಿದವು. ಗಣಿ ಹಣ ಚುನಾವಣೆಗಳನ್ನು ಗೆದ್ದಿತು, ಸರಕಾರಗಳನ್ನು ಕುಣಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈಯಲ್ಲಿ ಹೊರಬಂದಾಗ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಅದಿರನ್ನು ಹತ್ತು ವರ್ಷಗಳೊಳಗೆ ದೋಚಿ ಹೊರದೇಶಕ್ಕೆ ಸಾಗಿಸಿದವರು ಶ್ರೀಮಂತರಾದರು. ಸಂಡೂರಿನ ಹಳ್ಳಿಗಳಿಗೆ ದಕ್ಕಿದ್ದು ಧೂಳು.

ಮುಗಿಯದ ನೀರು, ಮುಗಿಯದ ಕಣ್ಣೀರು

ಹಾಗಾದರೆ ಮುಗಿಯದ ಸಂಪತ್ತು ನ್ಯಾಯವನ್ನು ತಾನಾಗಿಯೇ ತರುತ್ತದೆಯೇ? ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ಕರ್ನಾಟಕದ ಬೆನ್ನೆಲುಬಾಗಿತ್ತು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು, ನಮ್ಮ ಪಟ್ಟಣಗಳ ಅಂಗಡಿ ಬೀದಿಗಳು ಬೆಳಗಿದ್ದು ಈ ಅಗ್ಗದ ವಿದ್ಯುತ್ತಿನಿಂದ. ಹೊಗೆಯಿಲ್ಲ, ಬೂದಿಯಿಲ್ಲ, ಇಂಧನದ ಖರ್ಚಿಲ್ಲ. ಪಠ್ಯಪುಸ್ತಕದ ಲೆಕ್ಕದಲ್ಲಿ ಇದು ನೂರಕ್ಕೆ ನೂರು ಅಂಕ ಪಡೆಯಬೇಕಾದ ಯೋಜನೆ.

ಆದರೆ ಜಲಾಶಯದ ತಳದಲ್ಲಿ ಸಾಗರ, ಹೊಸನಗರ ತಾಲೂಕುಗಳ ತೋಟಗಳು, ಗದ್ದೆಗಳು, ಮನೆಗಳು ಮುಳುಗಿವೆ. ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಶಿವಮೊಗ್ಗ ಜಿಲ್ಲೆಯ ಕಾಡುಗಳಂಚಿಗೆ ಕಳುಹಿಸಲಾಯಿತು. ಹಾಗೆ ಹೋದವರಲ್ಲಿ ಬಹಳಷ್ಟು ಮಂದಿಗೆ ಭೂಮಿಯ ಹಕ್ಕುಪತ್ರ ಸಿಗಲಿಲ್ಲ. ಸರಕಾರವೇ ತಂದು ಕೂರಿಸಿದ ಜಾಗದಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಅರಣ್ಯ ಒತ್ತುವರಿದಾರರೆನಿಸಿಕೊಂಡರು. ಹಿನ್ನೀರಿನ ಆಚೆ ದಡದಲ್ಲೇ ಉಳಿದ ತುಮರಿ ಭಾಗದ ಹಳ್ಳಿಗಳ ಜನರು ಆಸ್ಪತ್ರೆಗೂ, ಕಾಲೇಜಿಗೂ ಲಾಂಚ್ ಹತ್ತಿ ನೀರು ದಾಟಬೇಕಾಗಿತ್ತು. ರಾತ್ರಿ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ? ಆ ಪ್ರಶ್ನೆಗೆ ಸರಕಾರದ ಬಳಿ ಉತ್ತರವಿರಲಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಂದರೆ ನಾಡಿಗೆ ಬೆಳಕು ಕೊಟ್ಟವರು ಒಂದು ಸೇತುವೆಗಾಗಿ ಅರುವತ್ತು ವರ್ಷ ಕಾದರು. ನೀರು ವರ್ಷವರ್ಷವೂ ಮತ್ತೆ ತುಂಬುತ್ತದೆ, ನಿಜ. ಮುಳುಗಿದ ಮನೆ ಮತ್ತೆ ಮೇಲೇಳುವುದಿಲ್ಲ.

ಮುಗಿಯದ ನೀರು ಎಂಬ ಮಾತೂ ಷರತ್ತಿನ ಮಾತೇ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗಳಿಗೆ ಬೇಡಿಕೆ ಏರಿತು, ವಿದ್ಯುತ್ತಿನ ಕೊರತೆ ಬಿಗಡಾಯಿಸಿತು. ರಾಜ್ಯದಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಹೊರಗೆ ಮಾರಬಾರದೆಂದು ಖಾಸಗಿ ಉತ್ಪಾದಕರಿಗೆ ಸರಕಾರ ಆದೇಶ ನೀಡುವ ಸ್ಥಿತಿ ಬಂತು. ನೆಲದೊಳಗಿನ ನೀರಿನ ವಿಷಯದಲ್ಲೂ ಇದೇ ನಿಯಮ. ಮಳೆ ಇಂಗಿಸುವಷ್ಟನ್ನೇ ಎತ್ತಿದರೆ ಅದು ಮುಗಿಯದ ಸಂಪತ್ತು. ಅದಕ್ಕಿಂತ ಹೆಚ್ಚು ಎತ್ತಿದರೆ ಅದೂ ಒಂದು ಗಣಿಯೇ. ಕೋಲಾರ, ಚಿಕ್ಕಬಳ್ಳಾಪುರದ ರೈತರು ಸಾವಿರ ಅಡಿ ದಾಟಿ ಕೊರೆಸುತ್ತಿರುವ ಕೊಳವೆಬಾವಿಗಳು ಈ ಗಣಿಗಾರಿಕೆಯ ಸಾಕ್ಷಿಗಳು.

ಕಲ್ಲಿದ್ದಲಿನ ಬೂದಿ ಬೀಳುವುದೆಲ್ಲಿ?

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾದ ಶಾಖೋತ್ಪನ್ನ ಸ್ಥಾವರಕ್ಕೆ ಹೊರ ರಾಜ್ಯಗಳ ಗಣಿಗಳಿಂದ ರೈಲುಗಳಲ್ಲಿ ಕಲ್ಲಿದ್ದಲು ಬರಬೇಕು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಹೂತುಹೋದ ಕಾಡುಗಳು ಕಲ್ಲಾಗಿ ಕುಳಿತಿದ್ದನ್ನು ಅಗೆದು, ಕೆಲವು ಗಂಟೆಗಳಲ್ಲಿ ಉರಿಸಿ ಮುಗಿಸುತ್ತೇವೆ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಿಸಲು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಒಂದು ಮನೆಯು ತಿಂಗಳಿಗೆ 200 ಯೂನಿಟ್ ಬಳಸಿ, ಅದಷ್ಟೂ ಕಲ್ಲಿದ್ದಲಿನಿಂದ ಬಂದಿದೆಯೆಂದಿಟ್ಟುಕೊಳ್ಳಿ. ಆ ಮನೆಯ ಲೆಕ್ಕಕ್ಕೆ ತಿಂಗಳಿಗೆ 120ರಿಂದ 140 ಕಿಲೋ ಕಲ್ಲಿದ್ದಲು ಉರಿಯಿತು, 40 ಕಿಲೋ ಬೂದಿ ಉಳಿಯಿತು. ಆ ಬೂದಿ ನಮ್ಮ ಅಂಗಳದಲ್ಲಿ ಬೀಳುವುದಿಲ್ಲ. ಬೀಳುತ್ತಿದ್ದರೆ ನಾವು ಸ್ವಿಚ್ಚು ಒತ್ತುವ ಮೊದಲು ಒಮ್ಮೆ ಯೋಚಿಸುತ್ತಿದ್ದೆವೋ ಏನೋ!

ಅದು ಬೀಳುವುದು ಸ್ಥಾವರದ ಸುತ್ತಲಿನ ಹಳ್ಳಿಗಳಲ್ಲಿ. ಉಡುಪಿ ಜಿಲ್ಲೆಯ ಯಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಬಂದ ಮೇಲೆ ಹಾರುಬೂದಿ, ಉಪ್ಪುನೀರಿನ ತುಂತುರು, ಬಾವಿ ನೀರಿನ ಕೆಡುಕು, ಮಲ್ಲಿಗೆ ಬೆಳೆಗಾದ ಹಾನಿಯ ಬಗ್ಗೆ ಅಲ್ಲಿನ ಜನರು ವರ್ಷಗಟ್ಟಲೆ ದೂರಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. 2022ರಲ್ಲಿ ಪರಿಸರ ಹಾನಿಗೆ ಪರಿಹಾರ ಕಟ್ಟುವಂತೆ ನ್ಯಾಯಮಂಡಳಿ ಆದೇಶಿಸಿತು. ಇನ್ನು ಕಲ್ಲಿದ್ದಲು ಅಗೆಯುವ ಊರುಗಳ ಪಾಡು ಬೇರೆಯೇ. ಜಾರ್ಖಂಡದ ಝರಿಯಾದಲ್ಲಿ 1916ರಲ್ಲಿ ನೆಲದೊಳಗೆ ಹತ್ತಿಕೊಂಡ ಬೆಂಕಿ ನೂರು ವರ್ಷ ಕಳೆದರೂ ಪೂರ್ತಿಯಾಗಿ ಆರಲಿಲ್ಲ. ಆ ಬಿಸಿನೆಲದ ಮೇಲೆ ಬಡವರು ಮನೆ ಮಾಡಿಕೊಂಡಿದ್ದಾರೆ.

ಕೊಲ್ಲಿಯ ಎಣ್ಣೆ, ಕರಾವಳಿಯ ಅನ್ನ

ಮುಗಿಯುವ ಸಂಪತ್ತಿನ ಮಾತು ಬಂದಾಗ ನಮ್ಮ ಓದುಗರು ತಮ್ಮ ಮನೆಯ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಮಂಗಳೂರು, ಉಡುಪಿ, ಭಟ್ಕಳದ ಅದೆಷ್ಟೋ ಕುಟುಂಬಗಳ ಅನ್ನ ಬಂದದ್ದು ಕೊಲ್ಲಿಯ ದುಡಿಮೆಯಿಂದ. ಸೌದಿ ಅರೇಬಿಯಾದ ದಮಾಮ್‌ನ ಏಳನೆಯ ಬಾವಿಯಲ್ಲಿ 1938ರಲ್ಲಿ ತೈಲ ಹೇರಳವಾಗಿ ಸಿಕ್ಕಿತು. 1973ರ ಬಳಿಕ ತೈಲದ ಬೆಲೆ ಹಲವು ಪಟ್ಟು ಏರಿದಾಗ ಆ ಮರುಭೂಮಿಯಲ್ಲಿ ನಗರಗಳು ಎದ್ದವು. ನಗರ ಕಟ್ಟಲು ಕೈಗಳು ಬೇಕಾದವು. ನಮ್ಮ ಅಪ್ಪಂದಿರು, ಅಣ್ಣಂದಿರು ಹೋದರು. ಊರಿನಲ್ಲಿ ಹಂಚಿನ ಮನೆಗಳು ತಾರಸಿ ಮನೆಗಳಾದವು. ಅಂದರೆ ನೆಲದಡಿಯ ಎಣ್ಣೆಯೊಂದಿಗೆ ನಮ್ಮ ನಂಟು ಪೆಟ್ರೋಲ್ ಬಂಕಿನಲ್ಲಿ ಮುಗಿಯುವಂಥದ್ದಲ್ಲ.

ಆ ಎಣ್ಣೆಯ ಒಡೆಯರು ಈಗೇನು ಮಾಡುತ್ತಿದ್ದಾರೆ? 2016ರಲ್ಲಿ ಸೌದಿ ಅರೇಬಿಯಾ ತೈಲದ ಅವಲಂಬನೆಯನ್ನು ತಗ್ಗಿಸುವ ವಿಷನ್ 2030 ಯೋಜನೆಯನ್ನು ಪ್ರಕಟಿಸಿತು. ಅಬುಧಾಬಿಯ ಸ್ವೈಹಾನ್‌ನಲ್ಲಿ 2019ರಲ್ಲಿ ಸುಮಾರು 1,177 ಮೆಗಾವಾಟ್‌ನ ಸೌರ ಸ್ಥಾವರ ಕೆಲಸ ಆರಂಭಿಸಿತು. ಕೈಯಲ್ಲಿ ತೈಲವಿದ್ದವರೇ ಬಿಸಿಲಿನ ಕಡೆಗೆ ತಿರುಗಿದ್ದಾರೆ! 2014ರ ಮಧ್ಯಭಾಗದಲ್ಲಿ ಬ್ಯಾರೆಲಿಗೆ ನೂರು ಡಾಲರಿಗೂ ಮೇಲಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ ಮೂವತ್ತು ಡಾಲರಿನ ಕೆಳಗಿಳಿಯಿತು. ಆ ವರ್ಷ ಸೌದಿಯ ನಿರ್ಮಾಣ ಕಂಪೆನಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಭಾರತೀಯ ಕಾರ್ಮಿಕರು ಸಂಬಳವಿಲ್ಲದೆ ಶಿಬಿರಗಳಲ್ಲಿ ಸಿಲುಕಿದ್ದನ್ನು ನಾವು ಮರೆತಿಲ್ಲ. ತೈಲ ಮುಗಿಯುವ ಮೊದಲೇ ತೈಲದ ಮೇಲಿನ ಬದುಕು ಅಲುಗಾಡಬಲ್ಲುದು. ಹಾಗಿರುವಾಗ ಆ ಹಣವನ್ನು ಮೂರು ದಿನಗಳ ಮದುವೆಗೆ, ಹಾಲ್ ತುಂಬಾ ಜಗಮಗಿಸುವ ದೀಪಗಳಿಗೆ, ವರ್ಷಕ್ಕೆ ಹತ್ತು ದಿನ ಮಾತ್ರ ಬಾಗಿಲು ತೆರೆಯುವ ಅಮೃತಶಿಲೆಯ ಮನೆಗಳಿಗೆ ಸುರಿದವರು ಕೋಲಾರದ ಕತೆಯನ್ನು ತಮ್ಮ ಮನೆಯಲ್ಲೇ ಮರುಕಳಿಸಲು ಹೊರಟವರಲ್ಲವೇ? ಮಕ್ಕಳ ವಿದ್ಯೆಯಾಗಿ, ಒಂದು ಕಸುಬಾಗಿ, ನಾಲ್ಕು ಮಂದಿಗೆ ಕೆಲಸ ಕೊಡುವ ಉದ್ಯಮವಾಗಿ ಬದಲಾದ ತೈಲದ ಹಣವೊಂದೇ ಬಾವಿ ಬತ್ತಿದ ಮೇಲೂ ಉಳಿಯುವುದು.

ದೇಶದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತೇವೆ. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು, ಅದರಲ್ಲಿ ಬಹುಪಾಲು ಕೊಲ್ಲಿಯದ್ದು. ಆಪತ್ತಿಗೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ಕಲ್ಲಿನ ಗುಹೆಗಳನ್ನು ಕೊರೆಯಲಾಗಿದೆ. ವಿಶಾಖಪಟ್ಟಣದ ಗುಹೆಯನ್ನೂ ಸೇರಿಸಿದರೆ, ಅವು ತುಂಬಿ ತುಳುಕಿದರೂ ದೇಶದ ಸುಮಾರು ಹತ್ತು ದಿನಗಳ ಅಗತ್ಯಕ್ಕಷ್ಟೇ ಸಾಕು. ದೂರದ ಸಮುದ್ರದಲ್ಲಿ ಯುದ್ಧದ ಮೋಡ ಕವಿದರೆ ನಮ್ಮ ಅಡುಗೆಮನೆಯ ಒಲೆಗೆ ಅದರ ಬಿಸಿ ತಟ್ಟುತ್ತದೆ. ಬಿಸಿಲು ಯಾವ ಜಲಸಂಧಿಯನ್ನೂ ದಾಟಿ ಬರಬೇಕಿಲ್ಲ.

ಪಾವಗಡ ಕಲಿಸುವ ಪಾಠ

ಆ ಬಿಸಿಲನ್ನು ಹಿಡಿಯಲು ಕರ್ನಾಟಕ ಹಿಂದೆ ಬಿದ್ದಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕು ಬರಕ್ಕೆ ಹೆಸರಾದದ್ದು. ಅಲ್ಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿತು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣ ಸಾಮರ್ಥ್ಯ ಮುಟ್ಟಿತು. ಇಲ್ಲಿ ಮೆಚ್ಚಬೇಕಾದ ಒಂದು ಅಂಶವಿದೆ. ಸರಕಾರ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಗಳಿಗೊಮ್ಮೆ ಏರುವ ಬಾಡಿಗೆಗೆ ಗುತ್ತಿಗೆ ಪಡೆಯಿತು. ಭೂಮಿಯ ಒಡೆತನ ರೈತನಲ್ಲೇ ಉಳಿಯಿತು. ಶರಾವತಿಯಲ್ಲಿ ನಡೆದದ್ದಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ.

ಆದರೆ ಅಲ್ಲೂ ಒಂದು ವರ್ಗ ಲೆಕ್ಕದಿಂದ ಹೊರಗುಳಿಯಿತು. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ ಬಂತು. ಅದೇ ಹೊಲದಲ್ಲಿ ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಹೀನನಿಗೆ ಏನು ಬಂತು? ಕುರಿ ಮೇಯಿಸುತ್ತಿದ್ದವನಿಗೆ ಬೇಲಿ ಅಡ್ಡ ಬಂತು. ಫಲಕ ಒರೆಸುವ, ಕಳೆ ಕೀಳುವ, ಕಾವಲು ಕಾಯುವ ಕೆಲಸಗಳು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಭೂಮಿ ಇಲ್ಲದವರೆಂದರೆ ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಮಾಜದ ಜಾತಿ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವರೇ ಅವರು. ಇನ್ನೊಂದು ಪ್ರಶ್ನೆಯೂ ಕಾದಿದೆ. ಒಂದು ಸೌರಫಲಕದ ಆಯುಷ್ಯ ಸುಮಾರು 25 ವರ್ಷ. ಗುತ್ತಿಗೆಗೂ ಒಂದು ಅವಧಿಯಿದೆ. ಅವಧಿ ಮುಗಿದ ದಿನ ಅಲ್ಲಿನ ಗಾಜು, ಲೋಹ, ತಂತಿಗಳ ರಾಶಿಯನ್ನು ತೆಗೆದು, ಹೊಲವನ್ನು ಮತ್ತೆ ಹೊಲವಾಗಿಸಿ ರೈತನಿಗೆ ಒಪ್ಪಿಸುವ ಹೊಣೆ ಯಾರದ್ದೆಂಬುದನ್ನು ಇಂದೇ ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಕೋಲಾರದ ಸಯನೈಡ್ ಗುಡ್ಡಗಳಿಗೆ ಜೊತೆಗಾರರು ಹುಟ್ಟಿಕೊಳ್ಳುತ್ತಾರೆ.

ಸೂರ್ಯ ಮುಳುಗುವ ಹೊತ್ತಿಗೇ ಮನೆಮನೆಯಲ್ಲಿ ದೀಪ ಹತ್ತುತ್ತದೆ ಎಂಬುದೇ ಸೌರ ವಿದ್ಯುತ್ತಿನ ದೊಡ್ಡ ತೊಡಕು. ಅದಕ್ಕೆ ಪರಿಹಾರವೆಂದು ಸರಕಾರ ಮತ್ತೆ ಶರಾವತಿಯ ಕಣಿವೆಗೇ ಹೊರಟಿದೆ. ಹಗಲಲ್ಲಿ ಹೆಚ್ಚುವರಿ ವಿದ್ಯುತ್ ಬಳಸಿ ಗೇರುಸೊಪ್ಪೆಯ ಜಲಾಶಯದಿಂದ ತಲಕಳಲೆಗೆ ನೀರನ್ನೆತ್ತಿ, ಸಂಜೆ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ 2,000 ಮೆಗಾವಾಟ್‌ನ ಯೋಜನೆ ಅದು. ನೀರೆತ್ತಲು ಬೇಕಾಗುವ ವಿದ್ಯುತ್, ಮರಳಿ ಸಿಗುವುದಕ್ಕಿಂತ ಹೆಚ್ಚು. ಇದು ಉತ್ಪಾದನೆಯಲ್ಲ, ದಾಸ್ತಾನು. ದಾಸ್ತಾನಿನ ಅಗತ್ಯ ನಿಜವೇ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯದ್ದು. ಆ ಕಣಿವೆಯ ಜನರು ಅನುಮಾನದಿಂದ ನೋಡುತ್ತಿದ್ದರೆ ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಜರೆಯುವ ನೈತಿಕತೆ ನಮಗಿದೆಯೇ? ಹಳೆಯ ಸಾಲ ತೀರಿಸದವನು ಹೊಸ ಸಾಲ ಕೇಳಲು ಅದೇ ಬಾಗಿಲಿಗೆ ಹೋದಂತಾಗಿದೆ ಇದು.

ನಾಡಿನ ಒಳಿತಿಗೆ ಯಾರಾದರೂ ತ್ಯಾಗ ಮಾಡಲೇಬೇಕಲ್ಲವೇ ಎಂದು ಕೇಳುವವರಿದ್ದಾರೆ. ತ್ಯಾಗವೆಂದರೆ ತಾನಾಗಿ ಕೊಡುವುದು. ಕೇಳದೆ ಕಿತ್ತುಕೊಂಡದ್ದಕ್ಕೆ ತ್ಯಾಗವೆಂಬ ಹೆಸರಿಡುವುದು ಭಾಷೆಗೆ ಮಾಡುವ ಅನ್ಯಾಯ. ಅದೂ ಅಲ್ಲದೆ, ತ್ಯಾಗ ಮಾಡುವ ಸರದಿ ಪ್ರತಿ ಬಾರಿಯೂ ಕಾಡಿನಂಚಿನ ರೈತನದ್ದು, ಗಣಿಯ ಕಾರ್ಮಿಕನದ್ದು, ಭೂಹೀನ ದಲಿತನದ್ದೇ ಏಕಾಗಬೇಕು? ಶಿವನಸಮುದ್ರದಿಂದ ಪಾವಗಡದವರೆಗೆ ಇಂಧನ ಬದಲಾಗಿದೆ, ಯಂತ್ರ ಬದಲಾಗಿದೆ. ಬೆಲೆ ತೆರುವವರ ವಿಳಾಸ ಮಾತ್ರ ಬದಲಾಗಿಲ್ಲ.

ಯಾರನ್ನೂ ಮುಳುಗಿಸದ ಜಾಗ

ಹಾಗಾದರೆ ದಾರಿ ಯಾವುದು? ಯಾರ ಹೊಲವನ್ನೂ ಮುಳುಗಿಸದ, ಯಾರ ಕುರಿಯ ದಾರಿಗೂ ಬೇಲಿ ಹಾಕದ ಒಂದು ಜಾಗ ನಮ್ಮ ತಲೆಯ ಮೇಲೆಯೇ ಇದೆ. ಪಟ್ಟಣಗಳ ತಾರಸಿಗಳು! ಒಂದು ಕಿಲೋವಾಟ್ ಸೌರಫಲಕಕ್ಕೆ ಸುಮಾರು ನೂರು ಚದರಡಿ ಸಾಕು. ಅದು ತಿಂಗಳಿಗೆ ಸರಾಸರಿ ನೂರು ಯೂನಿಟಿಗೂ ಮೇಲೆ ಕೊಡುತ್ತದೆ. ಎರಡು ಕಿಲೋವಾಟ್ ಹಾಕಿದರೆ ಸಾಧಾರಣ ಮನೆಯೊಂದರ ಅಗತ್ಯ ತೀರುತ್ತದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು ಎರಡು ಕಿಲೋವಾಟಿಗೆ 60,000 ರೂಪಾಯಿ, ಮೂರು ಕಿಲೋವಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು. ನಮ್ಮ ಮಸೀದಿಗಳ, ಮದ್ರಸಗಳ, ಶಾದಿ ಮಹಲ್‌ಗಳ, ಶಾಲೆಗಳ ವಿಶಾಲ ತಾರಸಿಗಳು ಬಿಸಿಲಿಗೆ ಕಾದು ಸುಮ್ಮನೆ ಬಿದ್ದಿವೆ. ಜಮಾಅತ್ ಸಮಿತಿಗಳು ಬಣ್ಣ ಬಳಿಸುವ, ಮಿನಾರಿಗೆ ದೀಪಮಾಲೆ ಹಾಕುವ ಖರ್ಚಿನ ಒಂದು ಭಾಗವನ್ನು ಇದಕ್ಕೆ ತಿರುಗಿಸಲು ಏನಡ್ಡಿ?

ಇಲ್ಲೊಂದು ಕಹಿಸತ್ಯವನ್ನೂ ಹೇಳಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯು 200 ಯೂನಿಟ್ ಮಿತಿಯೊಳಗಿನ ಮನೆಗಳ ಬಿಲ್ಲಿನ ಭಾರ ಇಳಿಸಿತು. ಬಾಡಿಗೆ ಮನೆಯ ಬಡ ಕುಟುಂಬಕ್ಕೆ, ಬೀಡಿ ಕಟ್ಟುವ ತಾಯಿಗೆ ಅದು ದೊಡ್ಡ ಆಸರೆ. ಅದನ್ನು ಬಿಟ್ಟಿ ಭಾಗ್ಯವೆಂದು ಹಂಗಿಸುವವರೊಂದಿಗೆ ನಾವು ದನಿಗೂಡಿಸುವುದಿಲ್ಲ. ಉದ್ಯಮಪತಿಗಳಿಗೆ ಕೊಡುವ ರಿಯಾಯಿತಿಗಳನ್ನು ಅವರು ಎಂದೂ ಹಾಗೆ ಕರೆದವರಲ್ಲ. ಆದರೆ ನಮಗೆ ಶೂನ್ಯವಾದ ಬಿಲ್ಲು ಪ್ರಕೃತಿಗೆ ಶೂನ್ಯವಲ್ಲ. ಸ್ವಂತ ತಾರಸಿ, ಕೈಯಲ್ಲಿ ಹಣ ಎರಡೂ ಉಳ್ಳವರು ಬಿಲ್ಲು ಬರುವುದಿಲ್ಲವಲ್ಲಾ ಎಂದು ಸುಮ್ಮನಿದ್ದರೆ ರಾಯಚೂರಿನ ಚಿಮಣಿ ಅವರಿಗಾಗಿಯೂ ಹೊಗೆಯುಗುಳುತ್ತಿರುತ್ತದೆ. ಉಚಿತ ವಿದ್ಯುತ್ತಿಗೆ ಸರಕಾರ ಪ್ರತಿವರ್ಷ ತೆರುವ ಹಣದಲ್ಲಿ ಒಂದು ಪಾಲನ್ನು ಬಡವರ ಮನೆಗಳ ಮೇಲೆ, ಬಾಡಿಗೆದಾರರು ಪಾಲು ಪಡೆಯಬಹುದಾದ ಸಾರ್ವಜನಿಕ ಕಟ್ಟಡಗಳ ಮೇಲೆ ಸೌರಫಲಕ ಹಾಕಲು ಬಳಸಿದರೆ, ಇಂದಿನ ನೆರವು ನಾಳೆಯ ಆಸ್ತಿಯಾಗುತ್ತದೆ.

ಸರಕಾರದಿಂದ ನಾವು ಕೇಳಬೇಕಾದದ್ದು ಇಷ್ಟು. ಶರಾವತಿಯ ಸಂತ್ರಸ್ತರಿಗೆ ಹಕ್ಕುಪತ್ರ ಕೊಡದೆ ಆ ಕಣಿವೆಯಲ್ಲಿ ಹೊಸ ಯೋಜನೆಯ ಮಾತೆತ್ತಬಾರದು. ಇಂಧನ ಯೋಜನೆಗಳಿಗೆ ಭೂಮಿ ಬೇಕಾದಲ್ಲಿ ಗುತ್ತಿಗೆಯೇ ನಿಯಮವಾಗಬೇಕು ಮತ್ತು ಆದಾಯದಲ್ಲಿ ಭೂಹೀನರಿಗೂ ಪಾಲಿರಬೇಕು. ಹಳೆಯ ಫಲಕಗಳ ವಿಲೇವಾರಿಯ ಹೊಣೆ ಕಂಪೆನಿಯದ್ದೆಂದು ಒಪ್ಪಂದದಲ್ಲೇ ಬರೆದಿರಬೇಕು. ಬಯಲಿಗೆ, ಕಾಡಿಗೆ ಹೋಗುವ ಮೊದಲು ಪಟ್ಟಣಗಳ ಸರಕಾರಿ ಕಚೇರಿ, ಬಸ್ ನಿಲ್ದಾಣ, ಮಾರುಕಟ್ಟೆ, ಕಾರ್ಖಾನೆಗಳ ತಾರಸಿಗಳು ತುಂಬಬೇಕು. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಇವುಗಳನ್ನು ಇಡಬೇಕು. ವಿದ್ಯುತ್ತಿನ ವಿಷಯ ಇಂಜಿನಿಯರುಗಳದ್ದು, ಮುಸ್ಲಿಮರ ಸಮಸ್ಯೆಗಳ ಪಟ್ಟಿಯಲ್ಲಿ ಅದಿಲ್ಲ ಎಂದು ಭಾವಿಸುವುದು ಸರಿಯಲ್ಲ. ನೀರು, ಗಾಳಿ, ಬೆಳಕು ಯಾವ ಸಮುದಾಯದ ಸಮಸ್ಯೆಯಲ್ಲ ಹೇಳಿ?

ಬಿಸಿಲು ಮುಗಿಯುವುದಿಲ್ಲ, ಗಾಳಿ ಬತ್ತುವುದಿಲ್ಲ. ಆದರೆ ಜನರ ತಾಳ್ಮೆ ಮುಗಿಯುವ ಸಂಪತ್ತು. ಅದನ್ನು ತುಮರಿಯ ಹಿನ್ನೀರಿನಲ್ಲಿ, ಯಲ್ಲೂರಿನ ಬೂದಿಯಲ್ಲಿ, ಸಂಡೂರಿನ ಧೂಳಿನಲ್ಲಿ ಬೇಕಾದಷ್ಟು ಖರ್ಚು ಮಾಡಿಯಾಗಿದೆ. ಹೊಸ ಇಂಧನದ ಈ ಕಾಲವು ಹಳೆಯ ಅನ್ಯಾಯಕ್ಕೆ ಹಸಿರು ಬಣ್ಣ ಬಳಿಯುವ ಕಾಲವಾಗದಂತೆ ಎಚ್ಚರವಹಿಸಬೇಕಾದವರು ಬೆಳಕನ್ನು ಅನುಭವಿಸುತ್ತಿರುವ ನಾವೇ. ಬೆಲೆ ತೆತ್ತವರ ದನಿ ಅಧಿಕಾರದ ಕಿವಿಗೆ ಅರುವತ್ತು ವರ್ಷ ಕೇಳಿಸಲಿಲ್ಲ. ಅವರ ಜೊತೆ ಪಟ್ಟಣಗಳ ದನಿಯೂ ಸೇರಿದರೆ ಕೇಳಿಸದಿರಲು ಸಾಧ್ಯವೇ?